ರಾಮಾದಲ್ಲಿ ಕೇಳಿದ ಗೋಳು
(ಮುಗ್ಧ ಶಿಶುಗಳ ಹಬ್ಬ, ಡಿಸೆಂಬರ್ 28: ಗೊಟ್ಟಿಗೆರೆಯಲ್ಲಿ ನೀಡಿದ ಪ್ರಬೋಧನೆ)



ಕ್ರಿಸ್ತಜಯಂತಿ ಮುಗಿದು ಇಂದಿಗೆ ಮೂರೇ ದಿನ. ಗೋದಲಿಯ ಹುಲ್ಲು ಇನ್ನೂ ಬಾಡಿಲ್ಲ. ಗೊಟ್ಟಿಗೆರೆಯ ನಮ್ಮ ಮನೆಗಳ ಮುಂದೆ ನಕ್ಷತ್ರದೀಪಗಳು ಹಾಗೆಯೇ ತೂಗುತ್ತಿವೆ. ಇಷ್ಟರಲ್ಲಿಯೇ ಧರ್ಮಸಭೆ ಹೆರೋದನ ಕತ್ತಿಯನ್ನೂ ಬೆತ್ಲೆಹೇಮಿನ ತಾಯಂದಿರ ಅಳುವನ್ನೂ ನಮ್ಮ ಮುಂದೆ ತಂದಿಡುತ್ತದೆ. ಹಬ್ಬದ ಸಂತೋಷದ ನಡುವೆ ಇದೇಕೆ ಎಂದು ಎಷ್ಟೋ ಮಂದಿ ಕೇಳುವುದುಂಟು.

ಈ ಆಗಮನ ಕಾಲದಲ್ಲಿ ನಾವು ಕೆಲವರು ಸೇರಿ ಹಳೆಯ ಕಾದಂಬರಿಯೊಂದನ್ನು ಓದಿದೆವು. ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂಬ ಅಮೆರಿಕದ ಕ್ರೈಸ್ತ ಮಹಿಳೆ ಬರೆದು 1852ರಲ್ಲಿ ಪುಸ್ತಕವಾಗಿ ಬಂದ ‘ಅಂಕಲ್ ಟಾಮ್ಸ್ ಕ್ಯಾಬಿನ್’. ಗುಲಾಮರನ್ನು ಸಂತೆಯ ದನಗಳಂತೆ ಕೊಂಡು ಮಾರುತ್ತಿದ್ದ ಕಾಲದ ಕಥೆ. ಅದರ ಹಲವು ಅಧ್ಯಾಯಗಳ ಆರಂಭದಲ್ಲಿ, ಶೀರ್ಷಿಕೆಯ ಕೆಳಗೆ, ಒಂದೊಂದು ಉದ್ಧೃತ ವಾಕ್ಯವಿದೆ. ಕೆಲವು ಕವಿಗಳವು, ಇನ್ನು ಕೆಲವು ಪವಿತ್ರ ಬೈಬಲಿನವು. ಓದುವಾಗ ಇಂಥ ವಾಕ್ಯಗಳನ್ನು ನಾವು ಸಾಮಾನ್ಯವಾಗಿ ದಾಟಿಕೊಂಡು ಹೋಗುತ್ತೇವೆ, ಅಲ್ಲವೇ? ಈ ಸಲ ಹಾಗೆ ಮಾಡದೆ, ಒಂದೊಂದರ ಮೂಲವನ್ನೂ ಬೈಬಲಿನಲ್ಲಿ ಹುಡುಕಿ ತೆಗೆದೆವು.

ಟಾಮನನ್ನು ಕ್ರೂರಿಯಾದ ಧಣಿಯೊಬ್ಬ ದೋಣಿಯಲ್ಲಿ ಸಾಗಿಸುವ 31ನೆಯ ಅಧ್ಯಾಯಕ್ಕೆ, ದುಷ್ಟರನ್ನು ಕಂಡೂ ಏಕೆ ಸುಮ್ಮನಿದ್ದೀರಿ ಎಂದು ಹಬಕ್ಕೂಕ ಪ್ರವಾದಿ ದೇವರನ್ನೇ ಕೇಳುವ ಮಾತು. 38ನೆಯದಕ್ಕೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಜಯದ ಸ್ತೋತ್ರ. ಆದರೆ ನಮ್ಮನ್ನು ತಡೆದು ನಿಲ್ಲಿಸಿದ್ದು 12ನೆಯ ಅಧ್ಯಾಯ. ಅದರ ಮೇಲಿರುವುದು ಇಂದಿನ ಶುಭಸಂದೇಶದಲ್ಲಿ ನಾವು ಕೇಳಿದ ಮಾತೇ: ರಾಮಾ ಊರಿನಲ್ಲಿ ರಾಖೇಲಳ ಗೋಳು.

ಆ ಅಧ್ಯಾಯದಲ್ಲಿ ಲೂಸಿ ಎಂಬ ತಾಯಿ ಹತ್ತೂವರೆ ತಿಂಗಳ ಕಂದನೊಡನೆ ಹಡಗಿನಲ್ಲಿದ್ದಾಳೆ. ಮುಂದಿನ ಊರಿನಲ್ಲಿ ಗಂಡ ಸಿಗುತ್ತಾನೆಂದು ನಂಬಿದ್ದಾಳೆ. ಹಡಗು ಆ ಊರಿಗೆ ತಾಗಿದಾಗ, ದಡದಲ್ಲಿ ಅವನ ಮುಖ ಕಂಡೀತೇ ಎಂದು ಮಗುವನ್ನು ಮಲಗಿಸಿ ಅಂಚಿಗೆ ಹೋಗಿ ನೋಡುತ್ತಾಳೆ. ತಿರುಗಿ ಬಂದಾಗ ಮಗು ಇಲ್ಲ. ವ್ಯಾಪಾರಿ ಅದನ್ನು 45 ಡಾಲರಿಗೆ ಮಾರಿಬಿಟ್ಟಿದ್ದಾನೆ. ಆ ರಾತ್ರಿ ಅವಳು ನದಿಗೆ ಹಾರುತ್ತಾಳೆ. ಬೆಳಗ್ಗೆ ವ್ಯಾಪಾರಿ ತನ್ನ ಲೆಕ್ಕದ ಪುಸ್ತಕ ತೆಗೆದು ಅವಳನ್ನು ನಷ್ಟದ ಬಾಬಿಗೆ ಬರೆದುಕೊಳ್ಳುತ್ತಾನೆ.

ಅದೇ ಹಡಗಿನಲ್ಲಿ ಒಬ್ಬ ಬೋಧಕನೂ ಇದ್ದಾನೆ. ಕಾನಾನನಿಗೆ ನೋವ ಹಾಕಿದ ಶಾಪವನ್ನು ಎತ್ತಿ ಹೇಳಿ, ಕರಿಯರು ದಾಸರಾಗಿರುವುದು ದೇವರ ಚಿತ್ತವೆನ್ನುತ್ತಾನೆ. ಮೂಲವನ್ನು ತೆರೆದು ನೋಡಿ: ಆದಿಕಾಂಡದ 9ನೆಯ ಅಧ್ಯಾಯದಲ್ಲಿ ಆ ಶಾಪ ದೇವರ ಬಾಯಿಂದ ಬಂದದ್ದಲ್ಲ, ದ್ರಾಕ್ಷಾರಸದ ಅಮಲಿನಿಂದ ಎದ್ದ ಮುದುಕನ ಬಾಯಿಂದ ಬಂದದ್ದು! ಬೋಧಕನಿಗೆ ಉತ್ತರವಾಗಿ ಯುವಕನೊಬ್ಬ, ಇತರರು ನಮಗೆ ಏನು ಮಾಡಬೇಕೆಂದು ಬಯಸುತ್ತೇವೋ ಅದನ್ನೇ ನಾವು ಅವರಿಗೆ ಮಾಡಬೇಕೆಂಬ ಯೇಸುಸ್ವಾಮಿಯ ಮಾತನ್ನು ನೆನಪಿಸುತ್ತಾನೆ. ಆ ಬೋಧಕನನ್ನು ನೋಡಿ ‘ಅವರು ಬೇರೆ ಸಭೆಯವರು’ ಎನ್ನುವ ಹಾಗಿಲ್ಲ. 1838ರಲ್ಲಿ ಮೇರಿಲ್ಯಾಂಡಿನ ನಮ್ಮ ಯೇಸುಸಭೆಯ ಗುರುಗಳೇ 272 ಮಂದಿಯನ್ನು, ಅವರಲ್ಲಿ ಮಕ್ಕಳೂ ಇದ್ದರು, ಲೂಸಿಯಾನಕ್ಕೆ ಮಾರಿದರು. ಗುಲಾಮರ ವ್ಯಾಪಾರವನ್ನು ಖಂಡಿಸಿ ಹದಿನಾರನೆಯ ಗ್ರೆಗೋರಿ ಜಗದ್ಗುರುಗಳು ಪತ್ರ ಬರೆದದ್ದು ಮರುವರ್ಷ.

ಈಗ ರಾಖೇಲಳ ಮಾತಿಗೆ ಬರೋಣ. ಇದರ ಮೂಲ ಯೆರೆಮೀಯನ ಗ್ರಂಥದ 31ನೆಯ ಅಧ್ಯಾಯ, 15ನೆಯ ವಚನ. ರಾಮಾ ಇರುವುದು ಜೆರುಸಲೇಮಿನ ಉತ್ತರಕ್ಕೆ, ಬೆತ್ಲೆಹೇಮ್ ದಕ್ಷಿಣಕ್ಕೆ. ಹಾಗಾದರೆ ರಾಮಾ ಏಕೆ? ಅದೇ ಗ್ರಂಥದ 40ನೆಯ ಅಧ್ಯಾಯ ಹೇಳುತ್ತದೆ: ಬಾಬಿಲೋನಿಗೆ ಸಾಗಿಸುವ ಸೆರೆಯಾಳುಗಳ ನಡುವೆ, ಸಂಕೋಲೆ ಹಾಕಿಸಿಕೊಂಡು ಪ್ರವಾದಿ ಸ್ವತಃ ಇದ್ದದ್ದು ಈ ರಾಮಾದಲ್ಲಿಯೇ. ಅಂದರೆ ರಾಖೇಲಳು ಮೊದಲು ಅತ್ತದ್ದು ಕತ್ತಿಗೆ ಸಿಕ್ಕ ಮಕ್ಕಳಿಗಾಗಿ ಮಾತ್ರವಲ್ಲ, ಬೇಡಿ ತೊಟ್ಟು ಪರದೇಶಕ್ಕೆ ನಡೆದ ಮಕ್ಕಳಿಗಾಗಿಯೂ. ಆ ವಾಕ್ಯವನ್ನು ಲೂಸಿಯ ಕಥೆಯ ಮೇಲೆ ಇಟ್ಟಾಗ ಸ್ಟೋವ್ ಅದನ್ನು ಎರವಲು ತಂದಂತಾಗಲಿಲ್ಲ, ಅದರ ಮನೆಗೇ ಸೇರಿಸಿದಂತಾಯಿತು.

ಇನ್ನೂ ಒಂದು ವಿಷಯ. ಯೆರೆಮೀಯನಲ್ಲಿ ಮುಂದಿನ ವಚನವೇ ಸಾಂತ್ವನ: ಅಳು ನಿಲ್ಲಿಸು, ಮಕ್ಕಳು ಮರಳಿ ಬರುವರು ಎಂಬ ಭರವಸೆ. ಸಂತ ಮತ್ತಾಯರು ಅಲ್ಲಿಗೆ ಹೋಗದೆ ಅಳುವಿನಲ್ಲಿಯೇ ನಿಲ್ಲಿಸಿದರು. ಸ್ಟೋವ್ ಕೂಡ ಅಲ್ಲಿಯೇ ನಿಲ್ಲಿಸಿದರು. ಪ್ರವಾದಿಯ ಮಾತು ನೆರವೇರಲೆಂದು ಹೀಗಾಯಿತು ಎಂದು ಬೇರೆಡೆ ಬರೆಯುವ ಮತ್ತಾಯರು, ಇಲ್ಲಿ ‘ಆಗ ನೆರವೇರಿತು’ ಎಂದಷ್ಟೇ ಬರೆಯುತ್ತಾರೆ. ಯೂದನ ಬೆಳ್ಳಿನಾಣ್ಯಗಳ ಪ್ರಸಂಗದಲ್ಲಿಯೂ ಹಾಗೆಯೇ. ಮಕ್ಕಳ ಕೊಲೆಯನ್ನು ದೇವರ ಉದ್ದೇಶವೆಂದು ಬರೆಯಲು ಅವರ ಕೈ ಬರಲಿಲ್ಲ ಎಂದೇ ನಮಗೆ ತೋರುತ್ತದೆ.

ಸ್ಟೋವ್ ಅವರಿಗೂ ಇದು ಪುಸ್ತಕದ ಪಾಂಡಿತ್ಯವಾಗಿರಲಿಲ್ಲ. 1849ರಲ್ಲಿ ಸಿನ್ಸಿನಾಟಿಯ ಕಾಲರಾದಲ್ಲಿ ಅವರ ಒಂದೂವರೆ ವರ್ಷದ ಮಗು ತೀರಿಕೊಂಡಿತ್ತು. ಮಗುವನ್ನು ಕಿತ್ತುಕೊಂಡಾಗ ಗುಲಾಮ ತಾಯಿಗೆ ಏನಾಗುತ್ತದೆಂಬುದು ತನಗೆ ತಿಳಿದದ್ದು ಆ ಮಗುವಿನ ಹಾಸಿಗೆಯ ಬಳಿ ಮತ್ತು ಸಮಾಧಿಯ ಬಳಿ ಎಂದು ಅವರೇ ಬರೆದುಕೊಂಡಿದ್ದಾರೆ.

ಇದನ್ನೆಲ್ಲ ಓದುವಾಗ ನಮಗೆ ನಾಚಿಕೆಯಾಯಿತು. ಕಾರಣ ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಐದು ವರ್ಷದ ಮಗುವಿನ ಶವಸಂಸ್ಕಾರ ನಡೆಸಿದೆವು. ಅಂದು ನಾವು ಆರಿಸಿಕೊಂಡದ್ದು ಆ ಮುಂದಿನ ವಚನವನ್ನೇ. ಸಮಾಧಿಯ ಮಣ್ಣು ಇನ್ನೂ ಹಸಿಯಾಗಿತ್ತು. ಆ ತಾಯಿಗೆ ಅಳು ನಿಲ್ಲಿಸಲು ಹೇಳಿದೆವು, ಇದೂ ದೇವರ ಚಿತ್ತವೆಂದೆವು. ಆಕೆ ತಲೆ ಎತ್ತಲಿಲ್ಲ. ಆಮೇಲೆ ಪೂಜೆಗೂ ಹೆಚ್ಚು ಬರಲಿಲ್ಲ. ಆ ವಚನ ಸುಳ್ಳಲ್ಲ. ಆದರೆ ಯೆರೆಮೀಯನಲ್ಲಿ ಅದನ್ನು ಹೇಳುವವರು ಸರ್ವೇಶ್ವರ, ಅದೂ ಅವಳ ಗೋಳನ್ನು ಪೂರಾ ಕೇಳಿದ ಮೇಲೆ. ನಾವು ಕೇಳದೆಯೇ ಹೇಳಿದ್ದೆವು.

ಕಳೆದ ವಾರ ಆ ಮನೆಗೆ ಹೋದೆವು. ಆಕೆಯ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇವೆ. ಅಂದು ಹೇಳಿದ್ದು ತಪ್ಪಾಯಿತು ಎಂದೆವು. ಆಕೆ ಬಹಳ ಹೊತ್ತು ಸುಮ್ಮನಿದ್ದು, “ಫಾದರ್, ಅವನಿಗೆ ಗೋದಲೀಲಿ ಬಾಲಯೇಸುಗಿಂತ ಕರು ಮೇಲೇ ಆಸೆ. ಪ್ರತಿ ಸಾರಿ ಎತ್ಕೊಂಡ್ ಬಂದ್ಬಿಡೋನು, ನಾನು ಬೈದು ವಾಪಸ್ ಇಡಿಸ್ತಿದ್ದೆ” ಎಂದರು. ಆಮೇಲೆ ಒಳಗೆ ಹೋಗಿ ಕಪಾಟಿನಿಂದ ಒಂದು ಮಣ್ಣಿನ ಕರುವನ್ನು ತಂದು ನಮ್ಮ ಕೈಯಲ್ಲಿಟ್ಟರು. ಅದರ ಒಂದು ಕಿವಿ ಮುರಿದಿತ್ತು.