ರಸ್ತೆ ನಿಂತುಹೋಗುವ ಸ್ಥಳಗಳು
(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ರಸ್ತೆ ಎಲ್ಲಿ ಆರಂಭವಾಗುತ್ತದೆ ಎಂದು ಕೇಳಿದರೆ ನಾವೆಲ್ಲರೂ ತಡವರಿಸದೆ ಹೇಳಬಲ್ಲೆವು: ನಮ್ಮ ನಮ್ಮ ಊರಿನ ಬಸ್ ನಿಲ್ದಾಣದಲ್ಲಿ. ಅಲ್ಲಿಂದ ಹೊರಟ ದಾರಿಯೇ ತಾಲ್ಲೂಕು, ಜಿಲ್ಲೆಗಳನ್ನು ದಾಟಿಸಿ ನಮ್ಮನ್ನು ಈ ಮುಂಬಯಿಗೆ ತಂದು ಬಿಟ್ಟಿದೆ. ಆದರೆ ರಸ್ತೆ ಎಲ್ಲಿ ಮುಗಿಯುತ್ತದೆ, ಹೇಗೆ ಮುಗಿಯುತ್ತದೆ ಎಂದು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಸಾಮಾನ್ಯವಾಗಿ ಒಂದು ರಸ್ತೆ ಇನ್ನೊಂದನ್ನು ಸೇರಿಕೊಳ್ಳುತ್ತದೆ. ಇಲ್ಲವೆ ಯಾವುದೋ ಊರಿನ ದೇವಸ್ಥಾನದ ಮುಂದೆ ಬಂದು ನಿಲ್ಲುತ್ತದೆ. ಅದರಲ್ಲಿ ವಿಶೇಷವೇನೂ ಇಲ್ಲ. ಮುಂದೆ ಹೋಗಬೇಕೆಂದು ಹೊರಟ ರಸ್ತೆ ನಡುವೆಯೇ ತಟಕ್ಕನೆ ನಿಂತುಬಿಡುವುದೂ ಉಂಟು. ಇಂದು ನಾವು ಮಾತನಾಡಬೇಕೆಂದಿರುವುದು ಅಂಥ ರಸ್ತೆಗಳ ವಿಷಯ. ಅವು ಏಕೆ ನಿಂತವು ಎಂದು ನೋಡುತ್ತ ಹೋದರೆ ಕಾರಣಗಳು ಬಗೆಬಗೆಯಾಗಿವೆ. ಆದರೆ ರಸ್ತೆ ನಿಂತಲ್ಲೆಲ್ಲ ಆಚೆ ದಡದಲ್ಲಿ ಯಾರಾದರೂ ಉಳಿದೇ ಇರುತ್ತಾರೆ. ಅವರ ಗತಿಯೇನು ಎಂಬುದೇ ಮುಖ್ಯವಾದ ಮಾತು.

ಮೊದಲು ಪ್ರಕೃತಿಯ ಕೈವಾಡವನ್ನು ನೋಡೋಣ. ರಾಮೇಶ್ವರಕ್ಕೆ ಯಾತ್ರೆ ಹೋದವರು ಧನುಷ್ಕೋಟಿಯನ್ನು ಬಲ್ಲರು. ಒಂದು ಕಾಲಕ್ಕೆ ಅಲ್ಲಿ ರೈಲು ನಿಲ್ದಾಣ, ಅಂಚೆ ಕಚೇರಿ, ಸುಂಕದ ಕಟ್ಟೆ ಎಲ್ಲವೂ ಇದ್ದವು. ರೈಲಿನಿಂದ ಇಳಿದವರು ಹಡಗು ಹತ್ತಿ ಸಿಂಹಳಕ್ಕೆ ಹೋಗುತ್ತಿದ್ದರು. 1964ರ ಡಿಸೆಂಬರ್ 22ರ ರಾತ್ರಿ ಬಂದ ಚಂಡಮಾರುತ ಆ ಊರನ್ನೇ ತೊಡೆದುಹಾಕಿತು. ಪಾಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲನ್ನು ಅಲೆ ನುಂಗಿತು, ಅದರಲ್ಲಿದ್ದವರಾರೂ ಉಳಿಯಲಿಲ್ಲ. ಆ ಸ್ಥಳ ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರ ಸಾರಿತು. ಆದರೂ ಕೆಲವು ಮೀನುಗಾರ ಕುಟುಂಬಗಳು ಅಲ್ಲಿಯೇ ಗುಡಿಸಲು ಹಾಕಿಕೊಂಡು ಉಳಿದವು. ಐದು ದಶಕಗಳ ಕಾಲ ಅಲ್ಲಿಗೆ ನೆಟ್ಟಗೆ ರಸ್ತೆಯಿರಲಿಲ್ಲ. ಮರಳಿನ ಮೇಲೆಯೇ ಬಂಡಿ ಹೋಗಬೇಕಾಗಿತ್ತು. 2017ರಲ್ಲಿ ಅರಿಚಲ್‌ಮುನೈ ಎಂಬ ತುತ್ತತುದಿಯವರೆಗೆ ಡಾಂಬರು ರಸ್ತೆಯಾಯಿತು. ಎಡಕ್ಕೂ ನೀರು, ಬಲಕ್ಕೂ ನೀರು. ಕೊನೆಯಲ್ಲಿ ವಾಹನಗಳು ಒಂದು ಸುತ್ತು ಹಾಕಿ ಹಿಂದಿರುಗುತ್ತವೆ. ಅಲ್ಲಿಂದ ತಲೈಮನ್ನಾರಿಗೆ ಸುಮಾರು 30 ಕಿಲೋಮೀಟರು ಕಡಲು.

ಸಮುದ್ರ ಅಡ್ಡ ಬಂದರೆ ಯಾರನ್ನು ದೂರೋಣ? ನೆಲ ಚಾಚಿಕೊಂಡಿದ್ದರೂ ರಸ್ತೆ ನಿಲ್ಲುವುದುಂಟು. ಬಂಗಾಳದಿಂದ ಕಾಬೂಲಿನವರೆಗೆ ಹೋಗುತ್ತಿದ್ದ ಗ್ರ್ಯಾಂಡ್ ಟ್ರಂಕ್ ರಸ್ತೆಯ ಹೆಸರನ್ನು ಶಾಲೆಯ ಪುಸ್ತಕದಲ್ಲಿ ಓದದವರಿಲ್ಲ. ಹದಿನಾರನೆಯ ಶತಮಾನದಲ್ಲಿ ಶೇರ್ ಶಹ ಅದನ್ನು ಸರಿಪಡಿಸಿ ಪ್ರಯಾಣಿಕರಿಗೆ ಸರಾಯಿಗಳನ್ನು ಕಟ್ಟಿಸಿದನು. ಎಷ್ಟೋ ರಾಜ್ಯಗಳು ಬಂದು ಹೋದರೂ ಬಾಳಿದ ಆ ರಸ್ತೆಯ ಮೇಲೆ 1947ರ ಆಗಸ್ಟ್‌ನಲ್ಲಿ ಗಡಿಯ ಗೆರೆ ಬಿತ್ತು. ಅಮೃತಸರದಿಂದ ಲಾಹೋರಿಗೆ ಸುಮಾರು 50 ಕಿಲೋಮೀಟರು. ಮುಂಬಯಿಯ ಗುಮಾಸ್ತನಿಗೆ ಅದು ದಿನನಿತ್ಯ ಲೋಕಲ್ ರೈಲಿನಲ್ಲಿ ಹೋಗಿ ಬರುವಷ್ಟು ದೂರ! ಆದರೆ ಅಟ್ಟಾರಿಯಲ್ಲಿ ಕಬ್ಬಿಣದ ಬಾಗಿಲು ಅಡ್ಡ ನಿಂತಿದೆ. ನಡುನಡುವೆ ಬಸ್ಸು, ಲಾರಿಗಳು ದಾಟಿದ್ದುಂಟು. 2025ರ ಏಪ್ರಿಲ್‌ನಲ್ಲಿ ಪಹಲ್‌ಗಾಮಿನ ಹತ್ಯಾಕಾಂಡದ ನಂತರ ಆ ಠಾಣೆಯನ್ನು ಮತ್ತೆ ಮುಚ್ಚಲಾಯಿತು. ಮದುವೆಯಾಗಿ ಆಚೆ ಹೋದವರು, ಈಚೆ ಬಂದವರು ಆಗ ಗೇಟಿನ ಬಳಿ ಅಳುತ್ತ ನಿಂತಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ಓದಿದೆವು.

ಇನ್ನು ಕೆಲವು ರಸ್ತೆಗಳು ಹಣ ಮುಗಿದು ನಿಲ್ಲುತ್ತವೆ. ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದಲ್ಲಿ ಕಡಲ ದಂಡೆಯ ಬಳಿ ಒಂದು ಎತ್ತರದ ಮೇಲ್ಸೇತುವೆಯಿದೆ. 1970ರ ದಶಕದಲ್ಲಿ ಅದರ ಕೆಲಸ ಅರ್ಧಕ್ಕೆ ನಿಂತಿತು. ಅದು ಇಂದಿಗೂ ಗಾಳಿಯಲ್ಲಿ ತುಂಡಾಗಿ ನಿಂತಿದೆ. ಇಂಜಿನಿಯರನು ಅಳತೆ ತಪ್ಪಿದ್ದರಿಂದ ಎರಡು ತುದಿಗಳು ಕೂಡಲಿಲ್ಲವೆಂದು ಅಲ್ಲಿಯ ಜನ ಕಥೆ ಕಟ್ಟಿ ಹೇಳುತ್ತಾರೆ. ಕಥೆ ಸೊಗಸಾಗಿದೆ, ಆದರೆ ನಿಜವಲ್ಲ. ಅಷ್ಟು ಖರ್ಚು ಮಾಡಲು ಆಗ ಹಣವಿರಲಿಲ್ಲ, ಅಷ್ಟು ವಾಹನಗಳ ಓಡಾಟವೂ ಇರಲಿಲ್ಲ. ನಿಂತುಹೋದ ಕೆಲಸ ಮತ್ತೆ ಕೈಗೂಡಲಿಲ್ಲ.

ತುದಿಗಳು ಕೂಡದ ಸೇತುವೆಯನ್ನು ನೋಡಲು ನಾವು ಆಫ್ರಿಕಕ್ಕೇ ಹೋಗಬೇಕಾಗಿರಲಿಲ್ಲ. ಅಂಧೇರಿಯಲ್ಲಿರುವ ನಮ್ಮ ಸದಸ್ಯರು ಈಗ ನಗುತ್ತಿದ್ದಾರೆ! ರೈಲು ಹಳಿಗಳ ಮೇಲಿನ ಗೋಖಲೆ ಸೇತುವೆಯನ್ನು 2022ರ ನವೆಂಬರ್‌ನಲ್ಲಿ ಮುಚ್ಚಿ ಹೊಸದಾಗಿ ಕಟ್ಟಿದರು. ರೈಲ್ವೆಯ ನಿಯಮದಂತೆ ಹೊಸ ಸೇತುವೆಯನ್ನು ಮೊದಲಿಗಿಂತ ಎತ್ತರಿಸಬೇಕಾಯಿತು. ಪಕ್ಕದಲ್ಲಿದ್ದ ಬರ್ಫಿವಾಲಾ ಮೇಲ್ಸೇತುವೆ ಮಾತ್ರ ಹಳೆಯ ಎತ್ತರದಲ್ಲಿಯೇ ಉಳಿಯಿತು. 2024ರ ಫೆಬ್ರವರಿಯಲ್ಲಿ ಒಂದು ಭಾಗವನ್ನು ತೆರೆದಾಗ ಎರಡು ಸೇತುವೆಗಳು ಅತ್ತಿಗೆ ನಾದಿನಿಯರಂತೆ ಅಕ್ಕಪಕ್ಕ ಇದ್ದೂ ಸೇರದೆ ನಿಂತಿದ್ದವು. ಕಡೆಗೆ ಕೆಳಗಿನದನ್ನು ಜಾಕುಗಳಿಂದ ಮೇಲೆತ್ತಿ, ಆ ವರ್ಷದ ಜುಲೈನಲ್ಲಿ ಜೋಡಿಸಿದರು. ಇಂಥದು ಸರಿಪಡಿಸಬಹುದಾದ ಕೊನೆ. ಕೆಲವು ತಿಂಗಳ ಬವಣೆ, ಆಮೇಲೆ ಮರೆವು.

ಆದರೆ ಎಲ್ಲ ರಸ್ತೆಯನ್ನೂ ಜೋಡಿಸಿಬಿಡಬೇಕೆ? ಸ್ವಲ್ಪ ಯೋಚಿಸಬೇಕಾದ ಪ್ರಶ್ನೆಯಿದು. ಉತ್ತರ ಅಮೆರಿಕದ ಅಲಾಸ್ಕದಿಂದ ದಕ್ಷಿಣ ಅಮೆರಿಕದ ತುದಿಯವರೆಗೆ ಪ್ಯಾನ್ ಅಮೆರಿಕನ್ ಹೆದ್ದಾರಿಯೆಂಬ ರಸ್ತೆಯ ಸಾಲು ಹೋಗುತ್ತದೆ. ಒಟ್ಟು ಉದ್ದ ಸುಮಾರು 30,000 ಕಿಲೋಮೀಟರು. ಇಷ್ಟು ಉದ್ದದ ದಾರಿಯಲ್ಲಿ ಒಂದೇ ಒಂದು ಕಡೆ, ಪನಾಮ ಮತ್ತು ಕೊಲಂಬಿಯ ದೇಶಗಳ ನಡುವೆ, ಸುಮಾರು 100 ಕಿಲೋಮೀಟರು ರಸ್ತೆಯೇ ಇಲ್ಲ. ಪನಾಮದ ಯಾವಿಸಾ ಎಂಬ ಊರಿನ ಹೊಳೆಯ ದಂಡೆಗೆ ಬಂದು ಹೆದ್ದಾರಿ ನಿಲ್ಲುತ್ತದೆ. ಮುಂದೆ ದಾರಿಯೆನ್ ಎಂಬ ದಟ್ಟವಾದ ಕಾಡು, ಬೆಟ್ಟ, ಜೌಗು ನೆಲ. ವಿಚಿತ್ರ ನೋಡಿ, ಹೆಸರಿನಲ್ಲಿ ದಾರಿಯಿದೆ, ನೆಲದ ಮೇಲಿಲ್ಲ!

ಅಲ್ಲಿ ರಸ್ತೆ ಬೇಡವೆಂದವರಿಗೂ ಬಲವಾದ ಕಾರಣಗಳಿದ್ದವು. ದನಕರುಗಳಿಗೆ ಬರುವ ಕಾಲುಬಾಯಿ ರೋಗ ದಕ್ಷಿಣದಿಂದ ಉತ್ತರಕ್ಕೆ ಹಬ್ಬದಂತೆ ಆ ಕಾಡು ಬೇಲಿಯಾಗಿ ನಿಂತಿತ್ತು. ಕಾಡಿನಲ್ಲಿ ಗುನಾ, ಎಂಬೆರಾ ಮೊದಲಾದ ಮೂಲನಿವಾಸಿಗಳು ತಲೆತಲಾಂತರದಿಂದ ಬಾಳುತ್ತಿದ್ದಾರೆ. ರಸ್ತೆ ಬಂದರೆ ಅದರ ಹಿಂದೆಯೇ ಮರ ಕಡಿಯುವವರೂ ಬರುತ್ತಾರೆ. 1970ರ ದಶಕದಲ್ಲಿ ಅಮೆರಿಕದ ನ್ಯಾಯಾಲಯವೊಂದು ಈ ಭಾಗದ ಕೆಲಸಕ್ಕೆ ತಡೆ ಹಾಕಿತು. ಹೀಗೆ ಕಾಡು ಉಳಿಯಿತು. ಆದರೆ ಬದುಕು ಹುಡುಕಿ ಹೊರಟ ಬಡವನಿಗೆ ರಸ್ತೆಯಿಲ್ಲವೆಂದು ಹೇಳಿದರೆ ಅವನು ನಿಲ್ಲುತ್ತಾನೆಯೆ? 2023ರ ಒಂದೇ ವರ್ಷದಲ್ಲಿ 5 ಲಕ್ಷಕ್ಕೂ ಹೆಚ್ಚು ಜನ ಆ ಕಾಡನ್ನು ಕಾಲ್ನಡಿಗೆಯಲ್ಲಿ ದಾಟಿದರೆಂದು ಪನಾಮ ಸರ್ಕಾರದ ಲೆಕ್ಕ ಹೇಳುತ್ತದೆ. ಕೈಗೂಸುಗಳನ್ನು ಎತ್ತಿಕೊಂಡ ತಾಯಂದಿರೂ ಅವರಲ್ಲಿದ್ದರು. ಹೊಳೆಯಲ್ಲಿ ಕೊಚ್ಚಿಹೋದವರು, ದರೋಡೆಗೆ ಸಿಕ್ಕವರು ಅನೇಕರು. 2025ರಲ್ಲಿ ಆ ಸಂಖ್ಯೆ ತೀರ ಇಳಿಯಿತು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮಗೆ ಅವರ ನಡಿಗೆಯ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕೊನೆಯದಾಗಿ ನಮ್ಮ ನಾಡಿನ ಮಾತು. ಸಾಗರ ತಾಲ್ಲೂಕಿನಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣವಾಯಿತು. ಅದರ ವಿದ್ಯುತ್ತು ಬೆಂಗಳೂರಿನ ಕಾರ್ಖಾನೆಗಳನ್ನು ನಡೆಸಿತು, ನಾಡಿನ ಮನೆಗಳಿಗೆ ದೀಪವಾಯಿತು. ಆದರೆ ಹಿನ್ನೀರು ಹರಡಿದಾಗ ಗದ್ದೆ, ತೋಟ, ಮನೆಗಳ ಜೊತೆಗೆ ರಸ್ತೆಗಳೂ ಮುಳುಗಿದವು. ಸಾಗರದಿಂದ ಹೊರಟ ಬಸ್ಸು ಹೊಳೆಬಾಗಿಲಿಗೆ ಬಂದರೆ ರಸ್ತೆ ನೇರವಾಗಿ ನೀರಿಗೆ ಇಳಿಯುತ್ತಿತ್ತು. ಅಲ್ಲಿಂದ ಲಾಂಚು. ಆಚೆ ದಡದಲ್ಲಿ ತುಮರಿ, ಸಿಗಂದೂರು ಮೊದಲಾದ ಊರುಗಳು. ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋದವರಿಗೆ ಲಾಂಚಿನ ಪ್ರಯಾಣ ಒಂದು ಸಂತೋಷ. ಅಲ್ಲಿಯೇ ಬದುಕುವವರಿಗೆ ಅದು ಬೇರೆಯೇ ಆಗಿತ್ತು. ಸಂಜೆಯ ಕೊನೆಯ ಲಾಂಚು ಹೋಯಿತೆಂದರೆ ಆ ದಿನದ ಲೋಕ ಮುಚ್ಚಿತು. ಹೆರಿಗೆ ನೋವು ಕಾಣಿಸಿಕೊಂಡವಳೂ, ಹಾವು ಕಡಿದವನೂ ಹತ್ತಾರು ಕಿಲೋಮೀಟರು ಸುತ್ತಿ ಕಾಡುದಾರಿಯಲ್ಲಿ ಸಾಗರದ ಆಸ್ಪತ್ರೆಗೆ ಬರಬೇಕಾಗಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೂ ನಿಲ್ಲುತ್ತಿತ್ತು.

ನಾಡಿಗೆ ಬೆಳಕು ಕೊಟ್ಟವರ ಪಾಡು ಇದು. ಸೇತುವೆ ಬೇಕೆಂದು ಅವರು ಅರ್ಜಿ ಕೊಟ್ಟರು, ಸಭೆ ಕೂಡಿಸಿದರು, ಪಾದಯಾತ್ರೆ ಮಾಡಿದರು. ಒಂದು ತಲೆಮಾರು ಕೇಳುತ್ತಲೇ ಮುಗಿಯಿತು; ಮಕ್ಕಳು ಅದೇ ಮಾತನ್ನು ಎತ್ತಿಕೊಂಡರು. 2018ರಲ್ಲಿ ಅಡಿಗಲ್ಲು ಬಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ, ಎರಡು ಕಿಲೋಮೀಟರಿಗೂ ಉದ್ದವಾದ ತೂಗುತಂತಿಯ ಸೇತುವೆ ತೆರೆಯಿತು. ನೀರಿನಲ್ಲಿ ಮುಗಿದಿದ್ದ ರಸ್ತೆ 61 ವರ್ಷಗಳ ಮೇಲೆ ಆಚೆ ದಡವನ್ನು ಮುಟ್ಟಿತು. ಮುಳುಗಡೆಯಾದವರ ಭೂಮಿಯ ಹಕ್ಕಿನ ಪ್ರಶ್ನೆ ಮಾತ್ರ ಇನ್ನೂ ಪೂರ್ತಿ ಬಗೆಹರಿದಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಸೇತುವೆಯಾಯಿತೆಂದು ಸಾಲವೆಲ್ಲ ತೀರಿದಂತಾಗಲಿಲ್ಲ.

ಬಂಧುಗಳೆ, ಕಡಲು ಕೊಚ್ಚಿದ ರಸ್ತೆ, ಗಡಿ ತಡೆದ ರಸ್ತೆ, ಹಣವಿಲ್ಲದೆ ನಿಂತ ರಸ್ತೆ, ಅಳತೆ ಕೂಡದ ರಸ್ತೆ, ಕಾಡಿಗಾಗಿ ಬಿಟ್ಟ ರಸ್ತೆ, ನೀರಿನಲ್ಲಿ ಮುಳುಗಿದ ರಸ್ತೆ, ಎಲ್ಲವನ್ನೂ ನೋಡಿದೆವು. ಕೆಲವು ನಿಂತದ್ದು ಸರಿ, ಕೆಲವು ನಿಂತದ್ದು ಅನ್ಯಾಯ. ಯಾವುದು ಯಾವುದೆಂದು ತಿಳಿಯಬೇಕಾದರೆ ನಕ್ಷೆಯನ್ನು ನೋಡಿದರೆ ಸಾಲದು. ರಸ್ತೆಯ ಆಚೆ ಇರುವವರನ್ನು ಕೇಳಬೇಕು. ಧನುಷ್ಕೋಟಿಯ ಮೀನುಗಾರನೂ, ಎಂಬೆರಾ ಹೆಂಗಸೂ, ತುಮರಿಯ ರೈತನೂ ಒಂದೇ ಉತ್ತರ ಕೊಡಲಾರರು. ಆದರೆ ಅವರನ್ನು ಕೇಳದೆ ತೀರ್ಮಾನಿಸಿದ ಕಡೆಯೆಲ್ಲ ಕಷ್ಟ ಬೆಳೆದಿದೆ.

ನಮ್ಮಲ್ಲಿ ಎಷ್ಟೋ ಜನರ ಊರಿಗೆ ಇಂದಿಗೂ ಮಳೆಗಾಲದಲ್ಲಿ ಹಳ್ಳದ ತನಕ ಮಾತ್ರ ಬಸ್ಸು ಬರುತ್ತದೆ. ಹಳ್ಳದಾಚೆ ಮುದುಕ ತಂದೆತಾಯಿಗಳಿದ್ದಾರೆ. ನಾವು ಕಳುಹಿಸಿದ ಹಣ ಈಗ ಕ್ಷಣದಲ್ಲಿ ಅವರಿಗೆ ಮುಟ್ಟುತ್ತದೆ, ವೈದ್ಯನು ಮುಟ್ಟುವುದಿಲ್ಲ. ತುಮರಿಯವರು ಬಿಡದೆ ಕೇಳಿದರು, ಆದ್ದರಿಂದ ಪಡೆದರು. ಅರ್ಜಿಯನ್ನು ಕ್ರಮವಾಗಿ ಬರೆಯಬಲ್ಲ ಗುಮಾಸ್ತರಿಗೆ ಈ ವಾಚನಾಲಯದಲ್ಲಿ ಕೊರತೆಯಿಲ್ಲ. ನಿಮ್ಮ ಊರಿನ ರಸ್ತೆ ಯಾವ ಹಳ್ಳದ ಬಳಿ ನಿಲ್ಲುತ್ತದೆ, ಆಚೆ ಎಷ್ಟು ಮನೆಗಳಿವೆ, ಮಕ್ಕಳು ಶಾಲೆಗೆ ಹೇಗೆ ಹೋಗುತ್ತಾರೆ ಎಂದು ಮನೆಯವರಿಂದ ತಿಳಿದು ಒಂದು ಹಾಳೆಯಲ್ಲಿ ಬರೆದು ತನ್ನಿರಿ. ಅರ್ಜಿಯ ರೂಪ ಕೊಡಲು ನಾವು ಕುಳಿತುಕೊಳ್ಳೋಣ. ಮುಂದಿನ ಭಾನುವಾರವೇ ಆರಂಭಿಸಬಹುದು.