ಹಕ್ಕು ಬರೆದವರು ಲೆಕ್ಕವನ್ನೂ ಬರೆಯಲಿ

(ಕನ್ನಡ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಭಾಷಾ ಹೋರಾಟಗಾರರಿಗೆ ಆಸ್ಪತ್ರೆಯ ಖರ್ಚಿನ ಲೆಕ್ಕ ಯಾಕೆ ಬೇಕು ಎಂದು ನೀವು ಕೇಳಬಹುದು. ಬೇಕು. ಯಾಕೆಂದರೆ ನಮ್ಮ ಭಾಷೆಯ ಹಕ್ಕೊಂದು ಆ ಲೆಕ್ಕದೊಳಗೆ ಸಿಕ್ಕಿಕೊಂಡಿದೆ.

2017ರಲ್ಲಿ ಸಂಸತ್ತು ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯನ್ನು ಅಂಗೀಕರಿಸಿತು. 2018ರ ಮೇ 29ರಂದು ಅದು ಜಾರಿಗೆ ಬಂತು. ಕಾಯ್ದೆ ಒಳ್ಳೆಯದು, ನಾವು ಅದರ ವಿರೋಧಿಗಳಲ್ಲ. ಅದರ 18ನೇ ಸೆಕ್ಷನ್ ನೋಡಿ. ಸರ್ಕಾರ ನಡೆಸುವ ಅಥವಾ ಹಣ ಕೊಡುವ ಸೇವೆಗಳಿಂದ ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಬಡತನ ರೇಖೆಗಿಂತ ಕೆಳಗಿನವರಿಗೂ ನಿರ್ಗತಿಕರಿಗೂ ಅದು ಉಚಿತ. ಜಿಲ್ಲೆಯಲ್ಲಿ ಕನಿಷ್ಠ ಸೇವೆ ಇಲ್ಲದಿದ್ದರೆ ರೋಗಿ ಅದೇ ಜಿಲ್ಲೆಯ ಬೇರೆ ಆಸ್ಪತ್ರೆಗೆ ಹೋಗಬಹುದು, ಖರ್ಚು ಸರ್ಕಾರದ್ದು.

ಇನ್ನು 22ನೇ ಸೆಕ್ಷನ್. ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು. ಬೀದರಿನ ಕೂಲಿಕಾರನಿಗೆ ಕನ್ನಡದಲ್ಲಿ, ತುಳು ಮಾತ್ರ ಬಲ್ಲ ಅಜ್ಜಿಗೆ ತುಳುವಿನಲ್ಲಿ, ಸೊಲ್ಲಾಪುರದ ಕನ್ನಡಿಗನಿಗೆ ಅಲ್ಲಿಯೂ ಕನ್ನಡದಲ್ಲಿ! ಮನಸ್ಸಿನ ಕಾಯಿಲೆಗೆ ಮಾತೇ ಮೊದಲ ಮದ್ದು. ಆದರೆ ಕನ್ನಡ ಬಲ್ಲ ವೈದ್ಯ, ಆಪ್ತ ಸಲಹೆಗಾರ, ಕನ್ನಡದ ನಮೂನೆಗಳು ಪುಕ್ಕಟೆ ಬರುತ್ತವೆಯೇ?

ಇಲ್ಲಿಂದ ನನ್ನ ಪ್ರಶ್ನೆ ಶುರು. ಖರ್ಚು ತರುವ ಮಸೂದೆಯ ಜೊತೆ ಆರ್ಥಿಕ ಜ್ಞಾಪನ ಪತ್ರ ಇರಬೇಕು, ಅದರಲ್ಲಿ ವರ್ಷ ವರ್ಷ ಬರುವ ಖರ್ಚು ಎಷ್ಟು, ಒಂದೇ ಬಾರಿಯ ಖರ್ಚು ಎಷ್ಟು ಎಂಬ ಅಂದಾಜು ಇರಬೇಕು ಎನ್ನುವುದು ಸಂಸತ್ತಿನದೇ ನಿಯಮ. 2013ರಲ್ಲಿ ಈ ಮಸೂದೆ ರಾಜ್ಯಸಭೆಗೆ ಬಂದಾಗ ಜ್ಞಾಪನ ಪತ್ರವೇನೋ ಇತ್ತು. ಆದರೆ ಇಷ್ಟೆಲ್ಲ ಹೊಣೆ ನಿಭಾಯಿಸಲು ಎಷ್ಟು ಹಣ ಬೇಕು ಎಂಬ ಅಂದಾಜು ಅದರಲ್ಲಿರಲಿಲ್ಲ. ಕೇಂದ್ರ ಎಷ್ಟು ಕೊಡುತ್ತದೆ, ರಾಜ್ಯ ಎಷ್ಟು ಹೊರಬೇಕು ಎಂಬ ವಿವರವೂ ಇರಲಿಲ್ಲ. ಹೆಣ್ಣು ನೋಡಿ, ಲಗ್ನ ಗೊತ್ತು ಮಾಡಿ, ಊಟದ ಖರ್ಚು ಯಾರದೆಂದು ಹೇಳದೆ ಎದ್ದುಹೋದ ಹಾಗಾಯಿತು!

ಖರ್ಚು ಯಾರದು? ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿವೆ. ಜಿಲ್ಲಾಸ್ಪತ್ರೆ, ತಾಲ್ಲೂಕು ಆಸ್ಪತ್ರೆ ನಮ್ಮವು. ಅಂದರೆ ಹಕ್ಕು ಬರೆದದ್ದು ದೆಹಲಿ, ಬಿಲ್ಲು ಬರುವುದು ಬೆಂಗಳೂರಿಗೆ.

ಅಂದಾಜು ಮಾಡುವುದು ಅಸಾಧ್ಯವಾಗಿತ್ತೇ? ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಎಂಬತ್ತರ ದಶಕದಲ್ಲೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಕೊಟ್ಟು ತೋರಿಸಿತ್ತು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ಒಂದು ಜಿಲ್ಲೆಗೆ ಏನೇನು ಬೇಕೆಂಬುದು ಗೊತ್ತಿತ್ತು. ಕೂಡಿ ಗುಣಿಸುವ ಮನಸ್ಸಿರಲಿಲ್ಲ.

ಕಾಯ್ದೆ ಬಂದ ಮೇಲೆ ಆ ಲೆಕ್ಕ ಹಾಕಿದವರು ನಿಮ್ಹಾನ್ಸ್ ವೈದ್ಯರು. 2019ರಲ್ಲಿ ಪ್ರಕಟವಾದ ಅವರ ಅಂದಾಜು: ಸರ್ಕಾರಕ್ಕೆ ವರ್ಷಕ್ಕೆ 94,073 ಕೋಟಿ ರೂಪಾಯಿ. 2019-20ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯದ ಇಡೀ ಬಜೆಟ್ಟೇ 65,000 ಕೋಟಿ ಮುಟ್ಟಿರಲಿಲ್ಲ. ಆ ವರ್ಷ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಟ್ಟದ್ದು 40 ಕೋಟಿ. ನಿಮ್ಹಾನ್ಸ್‌ನಂಥ ಸಂಸ್ಥೆಗಳ ಅನುದಾನ ಬೇರೆ, ಒಪ್ಪೋಣ. ಆದರೂ 40 ಎಲ್ಲಿ, 94,073 ಎಲ್ಲಿ!

ಆ 94,073ನ್ನೂ ನಾವು ವೇದವಾಕ್ಯ ಎನ್ನಬೇಕಿಲ್ಲ. ಎಷ್ಟು ರೋಗಿಗಳು, ಎಷ್ಟು ಹಾಸಿಗೆ, ಎಷ್ಟು ಸಂಬಳ ಎಂಬ ಊಹೆ ಬದಲಾದರೆ ಮೊತ್ತವೂ ಬದಲಾಗುತ್ತದೆ. ಹಾಕಿದ ಹಣಕ್ಕೆ 6.5 ಪಟ್ಟು ಲಾಭ ಬರುತ್ತದೆ ಎಂಬ ಅವರ ಮಾತನ್ನೂ ಹೀಗೆಯೇ ಒರೆಗೆ ಹಚ್ಚೋಣ. ಆದರೆ ಅವರು ತಮ್ಮ ಲೆಕ್ಕವನ್ನು ಬಿಚ್ಚಿಟ್ಟಿದ್ದಾರೆ, ತಪ್ಪಿದ್ದರೆ ತೋರಿಸಬಹುದು. ಖಾಲಿ ಬಿಟ್ಟ ಜಾಗದಲ್ಲಿ ತಪ್ಪು ಹುಡುಕುವುದು ಹೇಗೆ?

ಈ ಖಾಲಿ ಜಾಗವನ್ನು ಕೊನೆಗೆ ತುಂಬುವವರು ಯಾರು ಗೊತ್ತೇ? ಮಗನ ಚಿಕಿತ್ಸೆಗೆ ಓಲೆ ಅಡವಿಡುವ ತಾಯಿ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬಹುತೇಕ ಮಾನಸಿಕ ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಲೆಕ್ಕಕ್ಕೇ ಸೇರದ ಜನ ಇವರು.

ಆದ್ದರಿಂದ ಬಂಧುಗಳೇ, ಇನ್ನು ಮುಂದೆ ದೆಹಲಿಯಿಂದ ಬರಲಿ, ನಮ್ಮ ವಿಧಾನಸೌಧದಿಂದಲೇ ಬರಲಿ, ಆರೋಗ್ಯದ ಯಾವುದೇ ಮಸೂದೆ ಬಂದಾಗ ಅದರ ಕೊನೆಯ ಪುಟ ತಿರುವಿ ನೋಡಿ. ನಿಮ್ಮ ಶಾಸಕರನ್ನು, ಸಂಸದರನ್ನು ಮೂರು ಮಾತು ಕೇಳಿ.

ಒಂದು: ಒಟ್ಟು ಖರ್ಚೆಷ್ಟು, ಯಾವ ಊಹೆಯ ಮೇಲೆ?

ಎರಡು: ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು?

ಮೂರು: ರೋಗಿಯ ಜೊತೆ ಅವನ ಭಾಷೆಯಲ್ಲಿ ಮಾತಾಡುವ ಸಿಬ್ಬಂದಿಯ ಸಂಬಳ ಇದರಲ್ಲಿ ಸೇರಿದೆಯೇ?

ಉತ್ತರ ಕನ್ನಡದಲ್ಲಿರಲಿ, ಅಂಕಿಯಲ್ಲಿರಲಿ. ಜಾರಿಯಾದ 10 ವರ್ಷದೊಳಗೆ ಸಾಕಷ್ಟು ತಜ್ಞರನ್ನು ಒದಗಿಸಲು ಶ್ರಮಿಸಬೇಕೆಂದು ಈ ಕಾಯ್ದೆಯೇ ಹೇಳಿದೆ. ಆ ಗಡುವು 2028ರ ಮೇ ತಿಂಗಳು. ಹಣವಿಲ್ಲದ ಹಕ್ಕು ಬರೀ ಕಾಗದ. ಕಾಗದ ಹಿಡಿದುಕೊಂಡು ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲುವ ಗತಿ ಕನ್ನಡಿಗನಿಗೆ ಬಾರದಿರಲಿ.

ಸಿರಿಗನ್ನಡಂ ಗೆಲ್ಗೆ!