ನನ್ನ ಮೈಕಿಗೆ ಶೀತವಾದಾಗ

ನಾನೀಗ ಯಾವುದರ ಮುಂದೆ ಕುಳಿತು ಮಾತನಾಡುತ್ತಿರುವೆನೋ, ಅದೇ ಜಾತಿಯ ಒಂದು ಯಂತ್ರದ ಕಥೆಯನ್ನು ಇಂದು ತಮಗೆ ಹೇಳಬೇಕೆಂದಿದ್ದೇನೆ. ಮೈಕು ಎಂದರೆ ಜಾತ್ರೆಯಲ್ಲಿ ಮರಕ್ಕೆ ಕಟ್ಟಿದ ತಗಡಿನ ಕೊಂಬು ಎಂದೇ ನಮ್ಮಲ್ಲಿ ಅನೇಕರ ಭಾವನೆ. ಅದು ಕೂಗುವ ಬಾಯಿ. ನಾನು ಹೇಳಹೊರಟಿರುವುದು ಕೇಳುವ ಕಿವಿಯ ಸಂಗತಿ.

ಕಂಡೆನ್ಸರ್ ಮೈಕನ್ನು 1916ರಲ್ಲಿ ರೂಪಿಸಿದವನು ಅಮೆರಿಕದ ಇ. ಸಿ. ವೆಂಟೆ. ನನ್ನಲ್ಲಿರುವ ಮೈಕಿನೊಳಗೆ ಚಿನ್ನದ ಲೇಪವಿರುವ ತೆಳುವಾದ ಪೊರೆಯೊಂದಿದೆ. ಅದರ ದಪ್ಪ ತಲೆಗೂದಲಿನ ಸುಮಾರು ಹತ್ತರಲ್ಲೊಂದು ಪಾಲು. ಅದರ ಹಿಂದೆ, ಇನ್ನೇನು ಮುಟ್ಟಿತೆನ್ನುವಷ್ಟು ಹತ್ತಿರದಲ್ಲಿ, ರಂಧ್ರಗಳುಳ್ಳ ಹಿತ್ತಾಳೆಯ ಬಿಲ್ಲೆ. ಎರಡರಲ್ಲೂ ವಿದ್ಯುದಾವೇಶ ತುಂಬಿರುತ್ತದೆ. ನಾವು ಮಾತನಾಡಿದರೆ ಪೊರೆ ನಡುಗಿ ನಡುವಣ ಅಂತರ ಹೆಚ್ಚುಕಡಿಮೆಯಾಗುತ್ತದೆ. ಅದಕ್ಕೆ ತಕ್ಕಂತೆ ವೋಲ್ಟೇಜು ಏರಿಳಿಯುತ್ತದೆ. ಆವೇಶ ಸೋರಿಹೋಗದಂತೆ ಕಾಯುವುದು 100 ಕೋಟಿ ಓಮಿನ ಒಂದು ರೆಸಿಸ್ಟರು. ಇಷ್ಟು ಬಿಗಿಯಾದ ಕಾವಲನ್ನು ತಪ್ಪಿಸಿಕೊಳ್ಳಲು ಅದಕ್ಕೆ ತೇವದ ಒಂದು ಕಾಲುದಾರಿ ಸಾಕು.

ಆಷಾಢದ ಒಂದು ದಿನ, ಸಾಗರದ ಬಳಿಯ ನಮ್ಮ ಮನೆಯ ಜಗುಲಿಯಲ್ಲಿ, ನಾಟಿಯ ಹಾಡುಗಳನ್ನು ಬಲ್ಲ ಒಬ್ಬ ಅಜ್ಜಿಯನ್ನು ಕೂರಿಸಿಕೊಂಡು ಧ್ವನಿಮುದ್ರಣಕ್ಕೆ ತೊಡಗಿದ್ದೆ. ಆಕೆ ಎರಡು ಸಾಲು ಹಾಡುವಷ್ಟರಲ್ಲಿ ಒಗ್ಗರಣೆಯ ಸಾಸಿವೆ ಸಿಡಿದಂತೆ ಚಟಪಟ ಸದ್ದು. ಕಿವಿಗೆ ತಗುಲಿಸಿಕೊಂಡದ್ದನ್ನು ನಾನು ಕಿತ್ತುಹಾಕಿದ್ದು ಕಂಡು ಅಜ್ಜಿ ಹಾಡು ನಿಲ್ಲಿಸಿ, “ಎಂತದು ತಮ್ಮಾ, ನನ್ನ ಗಂಟಲಾ?” ಎಂದರು. ನಾಡಿದ್ದು ಮಗಳ ಮನೆಗೆ ಹೊರಡುವವರು. ಮರಳುವುದು ದೀಪಾವಳಿ ಕಳೆದ ಮೇಲೆ. ಆ ವಯಸ್ಸಿನವರಿಗೆ ದೀಪಾವಳಿ ಬಹಳ ದೂರ.

ತಂತಿ ಬದಲಿಸಿದೆ, ಪ್ರಯೋಜನವಾಗಲಿಲ್ಲ. ಮೈಕಿಗೆ ಒದಗುವ 48 ವೋಲ್ಟನ್ನು ಅಳೆದೆ, ಸರಿಯಾಗಿತ್ತು. ರಾತ್ರಿಯಿಡೀ ಮೇಜುದೀಪದ ಮಂದ ಶಾಖದಲ್ಲಿಟ್ಟೆ. ಬೆಳಗ್ಗೆ ಸದ್ದಿಲ್ಲ! ಗೆದ್ದೆನೆಂದು ಕಾಫಿ ಕುಡಿದು ಸ್ವಲ್ಪ ಹೊತ್ತು ಅಡ್ಡಾಡಿ ಬಂದರೆ ಮತ್ತೆ ಅದೇ ಸಾಸಿವೆ. ಒಣಗಿದ್ದು ಇಷ್ಟು ಬೇಗ ತೇವವಾಗಬೇಕಾದರೆ, ತೇವವನ್ನು ಕರೆಯುವ ವಸ್ತುವೇನೋ ಒಳಗಿರಬೇಕು. ವಿದ್ಯುತ್ತನ್ನು ಕಳಚಿ, ಆವೇಶ ಇಳಿಯುವವರೆಗೆ ಕಾದು, ಕವಚ ಬಿಚ್ಚಿ ಭೂತಗನ್ನಡಿ ಹಿಡಿದೆ. ರೆಸಿಸ್ಟರಿನ ಗಾಜಿನ ಮೈಮೇಲೆ ಸ್ಪಷ್ಟವಾಗಿ ಒಂದು ಬೆರಳಿನ ಗುರುತು! ಹಿಂದಿನ ಬೇಸಿಗೆಯಲ್ಲಿ ಬರಿಯ ಕುತೂಹಲಕ್ಕಾಗಿ ಅದನ್ನು ಬಿಚ್ಚಿ ನೋಡಿದವನು ನಾನೊಬ್ಬನೇ. ಬೆವರಿನ ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ಎರಡು ದಿನಗಳಿಂದ ಮನೆಯವರೆದುರು ಮಳೆಯನ್ನು ಬೈಯುತ್ತಿದ್ದ ನಾನು ಮಾತಿಲ್ಲದೆ ಕುಳಿತೆ.

ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೃದುವಾದ ಕುಂಚದಿಂದ ರೆಸಿಸ್ಟರನ್ನೂ ಅದರ ಸುತ್ತಲಿನ ಅವಾಹಕಗಳನ್ನೂ ತೊಳೆದು ಒಣಗಿಸಿದೆ. ಪೊರೆಯ ಮೇಲೂ ಧೂಳಿತ್ತು. ಒರೆಸಲು ಕೈ ತುರಿಸಿತು. ಆದರೆ ಹಿಂದೊಮ್ಮೆ ಬೇರೊಂದು ಮೈಕಿನ ಪೊರೆಯನ್ನು ಹತ್ತಿಯಿಂದ ಒರೆಸಿ, ಅದರ ಚಿನ್ನ ಹತ್ತಿಗೇ ಬಂದುಬಿಟ್ಟದ್ದನ್ನು ಕಂಡವನು ನಾನು. ಧೂಳನ್ನು ಅದರ ಪಾಡಿಗೆ ಬಿಟ್ಟೆ.

ಸಂಜೆ ಅಜ್ಜಿ ಬಂದರು. ಮಳೆ ಹೆಂಚಿನ ಮೇಲೆ ಸುರಿಯುತ್ತಲೇ ಇತ್ತು. ಮೈಕು ಮಾತ್ರ ಸಿಡಿಯಲಿಲ್ಲ. “ನಿನ್ನೆಯದು ನಿಮ್ಮ ಗಂಟಲಲ್ಲ ಅಜ್ಜೀ, ನನ್ನ ಬೆರಳು” ಎಂದೆ. ಅರ್ಥವಾಯಿತೋ ಇಲ್ಲವೋ, ಆಕೆ ಬಾಯೊಳಗಿನ ಎಲೆಯಡಿಕೆಯನ್ನು ಉಗುಳಿ ಬಂದು, ನಿಂತುಹೋಗಿದ್ದ ಸಾಲಿನಿಂದಲೇ ಹಾಡನ್ನು ಎತ್ತಿಕೊಂಡರು.